ಗಾಳಿಗೆ ಅಂಕೆಯನ್ನಿತ್ತ ಸರ್ ಫ್ರಾನ್ಸಿಸ್ ಬೋಫರ್ಟ್



ನಮ್ಮ ಶಾಲೆಯಿಂದ ಹೊರಟ ಹುಡುಗಿಯರಲ್ಲಿ ಅನೇಕರು ಇಂದು ಕಡಲಾಚೆಯ ಊರುಗಳಲ್ಲಿ ನೆಲಸಿದ್ದಾರೆ. ರಜೆಯ ಕಾಲದಲ್ಲಿ ಅವರು ಬಜ್ಪೆಯ ವಿಮಾನನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕಾಪು, ಉಡುಪಿ, ಮಣಿಪಾಲ, ಕಾರ್ಕಳಗಳ ದಾರಿ ಹಿಡಿಯುತ್ತಾರೆ. ಮಳೆಗಾಲದಲ್ಲಿ ಪಡುಗಡಲ ಗಾಳಿಯು ಗುಡ್ಡದ ಮೇಲಣ ಆ ಓಡುದಾರಿಯ ಮೇಲೆ ಓರೆಯಾಗಿ ಬೀಸುವಾಗ, ವಿಮಾನವು ನೇರವಾಗಿ ಬಾರದೆ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿಕೊಂಡು ಏಡಿಯ ನಡಿಗೆಯಂತೆ ಓರೆಯಾಗಿ ಇಳಿದು ಬರುವುದನ್ನು ಅವರು ಕಂಡಿರಬಹುದು. ನೋಡುವವರಿಗೆ ಅದು ಭಯವನ್ನು ಹುಟ್ಟಿಸುತ್ತದೆ. ಆದರೆ ಆ ಹೊತ್ತಿಗೆ ವಿಮಾನವನ್ನು ನಡೆಸುವವರು ಒಂದು ಚಿಕ್ಕ ಬಾಯಿಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಿ ಮುಗಿಸಿರುತ್ತಾರೆ. ಬೀಸುತ್ತಿರುವ ಗಾಳಿಯಲ್ಲಿ ಎಷ್ಟು ಪಾಲು ಎದುರಿನಿಂದ ಬರುತ್ತದೆ, ಎಷ್ಟು ಪಾಲು ಅಡ್ಡದಿಂದ ತಳ್ಳುತ್ತದೆ ಎಂಬುದೇ ಆ ಲೆಕ್ಕ. ನಮ್ಮ ಆರನೆಯ ತರಗತಿಯ ಹುಡುಗಿಯು ಮಾಡಬಹುದಾದ ಆ ಲೆಕ್ಕದ ಮೇಲೆ ನೂರಾರು ಪ್ರಾಣಗಳು ನಿಂತಿರುತ್ತವೆ.

ಆದರೆ ಲೆಕ್ಕ ಮಾಡಬೇಕಾದರೆ ಮೊದಲು ಒಂದು ಅಂಕೆ ಬೇಕಷ್ಟೆ. ಗಾಳಿಯನ್ನು ಕಣ್ಣಿನಿಂದ ಕಂಡವರು ಯಾರೂ ಇಲ್ಲ. ನಿಕೊದೇಮನು ರಾತ್ರಿಯ ವೇಳೆ ನಮ್ಮ ಕರ್ತನ ಬಳಿಗೆ ಬಂದಾಗ ಅವನಿಗೆ ಗಾಳಿಯ ಸಾಮ್ಯವನ್ನು ಹೇಳಿದುದು ಇದಕ್ಕಾಗಿಯೇ ಎಂಬುದನ್ನು ನಮ್ಮ ವಾಚಕರು ಬಲ್ಲರು. ಎರಡು ನೂರು ವರ್ಷಗಳ ಹಿಂದೆ ನಾವಿಕರಲ್ಲಿ ಗಾಳಿಗೆ ಹೆಸರುಗಳಿದ್ದವೇ ಹೊರತು ಎಲ್ಲರೂ ಒಪ್ಪಿದ ಅಂಕೆಗಳಿರಲಿಲ್ಲ. ಆ ಅಂಕೆಗಳನ್ನು ಕೊಟ್ಟು, ಒಬ್ಬನ ಮಾತು ಇನ್ನೊಬ್ಬನಿಗೆ ನಂಬತಕ್ಕದ್ದಾಗುವಂತೆ ಮಾಡಿದ ಸರ್ ಫ್ರಾನ್ಸಿಸ್ ಬೋಫರ್ಟನ ಜೀವಿತವನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಬರೆಯಲು ಯತ್ನಿಸುತ್ತೇವೆ.

ಬೋಫರ್ಟನು 1774ನೆಯ ಇಸವಿ ಮೇ 27ರಂದು ಐರ್ಲೆಂಡಿನ ನ್ಯಾವನ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯಾದ ಡೇನಿಯಲ್ ಆಗಸ್ಟಸ್ ಬೋಫರ್ಟನು ಪ್ರೊಟೆಸ್ಟಂಟ್ ಸಭೆಯ ಪಾದ್ರಿ. ಮತಹಿಂಸೆಯ ಕಾಲದಲ್ಲಿ ಫ್ರಾನ್ಸನ್ನು ಬಿಟ್ಟು ಓಡಿಬಂದ ಹ್ಯೂಗೆನೊ ವಂಶ ಅವರದು. ತಂದೆಯು ವಿದ್ಯಾವಂತನು, ಭೂಪಟ ಬರೆಯುವುದರಲ್ಲಿ ಬಹು ಆಸಕ್ತನು. 1792ರಲ್ಲಿ ಆತನು ಪ್ರಕಟಿಸಿದ ಐರ್ಲೆಂಡಿನ ಭೂಪಟವು ಆ ಕಾಲದಲ್ಲಿ ಹೆಸರಾಗಿತ್ತು. ಆದರೆ ಹಣದ ವ್ಯವಹಾರದಲ್ಲಿ ಆತನಿಗೆ ಹಿಡಿತವಿರಲಿಲ್ಲ. ಸಾಲಗಾರರ ಕಾಟಕ್ಕೆ ಕುಟುಂಬವು ಊರಿಂದೂರಿಗೆ ಅಲೆಯಬೇಕಾಯಿತು. ಹೀಗಿರಲಾಗಿ ಹುಡುಗನಾದ ಫ್ರಾನ್ಸಿಸನಿಗೆ ಕ್ರಮವಾದ ಶಾಲಾಭ್ಯಾಸವು ಹದಿನಾಲ್ಕನೆಯ ವಯಸ್ಸಿಗೇ ಮುಗಿಯಿತು. ಮುಂದೆ ಕೆಲವು ತಿಂಗಳು ಡಬ್ಲಿನ್ನಿನ ಬಳಿಯ ಡನ್ಸಿಂಕ್ ವೀಕ್ಷಣಾಲಯದಲ್ಲಿ ಹೆನ್ರಿ ಅಷರ್ ಎಂಬ ಖಗೋಳ ಪಂಡಿತನ ಹತ್ತಿರ ನಕ್ಷತ್ರಗಳನ್ನು ನೋಡಿ ಸ್ಥಳವನ್ನು ಗೊತ್ತುಮಾಡುವ ವಿದ್ಯೆಯನ್ನು ಕಲಿತನು. ಉಳಿದುದೆಲ್ಲವನ್ನು ಆತನು ಹಡಗಿನ ಮೇಲೆಯೇ, ದೀಪದ ಬೆಳಕಿನಲ್ಲಿ, ಸ್ವಂತ ಪ್ರಯತ್ನದಿಂದ ಕಲಿತುಕೊಂಡನು.

1789ರಲ್ಲಿ ಆತನು ಈಸ್ಟ್ ಇಂಡಿಯಾ ಕಂಪೆನಿಯ ವ್ಯಾನ್ಸಿಟ್ಟಾರ್ಟ್ ಎಂಬ ಹಡಗಿನಲ್ಲಿ ಮೂಡಣ ಸಮುದ್ರಗಳಿಗೆ ಪಯಣ ಬೆಳೆಸಿದನು. ಅದರ ಕಪ್ತಾನನು ಲೆಸ್ಟಾಕ್ ವಿಲ್ಸನ್ ಎಂಬವನು. ಸುಮಾತ್ರದ ಮೂಡಣಕ್ಕೆ ಬಂಕಾ, ಬೆಲಿತುಂಗ್ ಎಂಬೆರಡು ದ್ವೀಪಗಳ ನಡುವೆ ಗ್ಯಾಸ್ಪರ್ ಜಲಸಂಧಿಯೆಂಬ ಇಕ್ಕಟ್ಟಾದ ದಾರಿಯುಂಟು. ಅಲ್ಲಿನ ಕಡಲನಕ್ಷೆಗಳು ನಂಬತಕ್ಕವುಗಳಾಗಿರಲಿಲ್ಲ. ಆ ದಾರಿಯನ್ನು ಅಳೆಯುತ್ತಿರುವಾಗಲೇ ಹಡಗು ನೀರಿನಡಿಯ ದಿಣ್ಣೆಗೆ ತಗಲಿ ಒಡೆಯಿತು. ಆಗ ಬೋಫರ್ಟನಿಗೆ ಹದಿನೈದು ವರ್ಷ. ನಮ್ಮ ಹತ್ತನೆಯ ತರಗತಿಯ ಹುಡುಗಿಯರ ಪ್ರಾಯ! ನಕ್ಷೆಯಲ್ಲಿನ ಒಂದು ಕೊರತೆಯು ಮನುಷ್ಯರನ್ನು ಎಂತಹ ಅಪಾಯಕ್ಕೆ ಗುರಿಮಾಡುವುದೆಂಬುದನ್ನು ಆತನು ಪುಸ್ತಕದಿಂದಲ್ಲ, ಮುಳುಗುತ್ತಿದ್ದ ಹಡಗಿನ ಹಲಗೆಯ ಮೇಲೆ ನಿಂತು ಕಲಿತನು. ಆ ಪಾಠವನ್ನು ಆತನು ಸಾಯುವ ವರೆಗೂ ಮರೆಯಲಿಲ್ಲ.

ಮರುವರ್ಷ ಆತನು ಬ್ರಿಟಿಷ್ ನೌಕಾಪಡೆಯನ್ನು ಸೇರಿದನು. ಆ ಎಳೆಯ ವಯಸ್ಸಿನಲ್ಲಿಯೇ ಒಮ್ಮೆ ಪೋರ್ಟ್ಸ್‌ಮತ್ ಬಂದರಿನಲ್ಲಿ ಚಿಕ್ಕ ದೋಣಿಯಿಂದ ನೀರಿಗೆ ಬಿದ್ದನು. ಈಜು ಬಾರದವನಾದುದರಿಂದ ಮುಳುಗಿ, ಪ್ರಾಣ ಹೋಗುವ ಅಂಚಿನಲ್ಲಿ ಇನ್ನೊಬ್ಬರ ಕೈಯಿಂದ ಮೇಲೆತ್ತಲ್ಪಟ್ಟನು. ಆ ಕೆಲವು ಕ್ಷಣಗಳಲ್ಲಿ ತನ್ನ ಜೀವಿತವೆಲ್ಲ ಹಿಂದುಮುಂದಾಗಿ ಮನಸ್ಸಿನಲ್ಲಿ ಹಾದುಹೋದುದನ್ನು ಆತನು ಬಹುಕಾಲದ ಮೇಲೆ ಒಬ್ಬ ವಿಜ್ಞಾನಿಗೆ ಪತ್ರಮುಖವಾಗಿ ವಿವರಿಸಿದನು. 1800ನೆಯ ಇಸವಿ ಅಕ್ಟೋಬರಿನಲ್ಲಿ ಸ್ಪೇಯಿನಿನ ಮಲಾಗ ಪಟ್ಟಣದ ಬಳಿ ಶತ್ರುಗಳ ಹಡಗೊಂದನ್ನು ಹಿಡಿಯಲು ದೋಣಿಗಳನ್ನು ನಡೆಸಿಕೊಂಡು ಹೋದಾಗ, ಕತ್ತಿಯಿಂದಲೂ ಗುಂಡಿನಿಂದಲೂ ಆತನ ಮೈಗೆ ಹತ್ತೊಂಬತ್ತು ಗಾಯಗಳಾದವು. ಬದುಕುವನೆಂಬ ಭರವಸೆಯು ಯಾರಿಗೂ ಇರಲಿಲ್ಲ. ದೇವಕೃಪೆಯಿಂದ ಬದುಕಿದನು, ಆದರೆ ಮುಂದೆ ಕೆಲವು ವರ್ಷ ಹಡಗು ಸಿಕ್ಕದೆ ನೆಲದ ಮೇಲೆಯೇ ಇರಬೇಕಾಯಿತು.

ಆ ವಿರಾಮವನ್ನೂ ಆತನು ವ್ಯರ್ಥಮಾಡಲಿಲ್ಲ. ತನ್ನ ಅಕ್ಕತಂಗಿಯರಲ್ಲಿ ಒಬ್ಬಳ ಗಂಡನಾದ ರಿಚರ್ಡ್ ಲೊವೆಲ್ ಎಜ್‌ವರ್ತನೊಡನೆ 1803 ಮತ್ತು 1804ರಲ್ಲಿ ಡಬ್ಲಿನ್ನಿನಿಂದ ಗಾಲ್ವೇ ಪಟ್ಟಣದ ವರೆಗೆ ಗುಡ್ಡದಿಂದ ಗುಡ್ಡಕ್ಕೆ ಸಂಕೇತಗಳನ್ನು ಕಳುಹಿಸುವ ಸಾಲನ್ನು ಕಟ್ಟುವ ಕೆಲಸದಲ್ಲಿ ದುಡಿದನು. ವಿದ್ಯುತ್ ತಂತಿಯು ಬರುವುದಕ್ಕೆ ಬಹಳ ಮುಂಚಿನ ಕಾಲವದು. ಒಂದು ಗುಡ್ಡದ ಮೇಲಣ ಗುರುತನ್ನು ಇನ್ನೊಂದು ಗುಡ್ಡದವನು ದೂರದರ್ಶಕದಿಂದ ನೋಡಿ ಅದೇ ಅರ್ಥದಲ್ಲಿ ಗ್ರಹಿಸಬೇಕು. ಕಳುಹಿಸುವವನ ಮನಸ್ಸಿನಲ್ಲಿರುವ ಅರ್ಥವೇ ಪಡೆಯುವವನ ಮನಸ್ಸಿನಲ್ಲಿಯೂ ಹುಟ್ಟದಿದ್ದರೆ ಎಷ್ಟು ಎತ್ತರದ ಕಂಬವನ್ನು ನೆಟ್ಟರೂ ಪ್ರಯೋಜನವಿಲ್ಲ. ಮುಂದೆ ಗಾಳಿಯ ವಿಷಯದಲ್ಲಿ ಆತನು ಮಾಡಿದುದೂ ಇದೇ ಸ್ವಭಾವದ ಕೆಲಸವೆಂದು ನಮಗೆ ತೋರುತ್ತದೆ.

1805ರಲ್ಲಿ ಆತನಿಗೆ ವುಲ್ವಿಚ್ ಎಂಬ ಹಡಗಿನ ಅಧಿಕಾರವು ದೊರೆಯಿತು. ಅದು ಯುದ್ಧಕ್ಕೆ ಹೋಗುವ ಹಡಗಲ್ಲ, ಸಾಮಾನು ಹೊರುವ ಹಡಗು. ಹತ್ತೊಂಬತ್ತು ಗಾಯಗಳನ್ನು ಪಡೆದವನಿಗೆ ಇಂತಹ ಕೆಲಸವೇ ಎಂದು ಆತನು ಮನನೊಂದನು. ಆದರೂ ಕೊಟ್ಟ ಕೆಲಸವನ್ನು ಬಿಡಲಿಲ್ಲ. ಆ ಹಡಗಿನಲ್ಲಿರುವಾಗ, 1806ನೆಯ ಇಸವಿ ಜನವರಿ 13ರಂದು, ತನ್ನ ಸ್ವಂತ ದಿನಚರಿಯಲ್ಲಿ ಗಾಳಿಯ ಬಲವನ್ನು ಇನ್ನು ಮುಂದೆ ಅಂಕೆಗಳಿಂದಲೇ ಗುರುತಿಸುವೆನೆಂದು ನಿಶ್ಚಯಿಸಿ ಒಂದು ಪಟ್ಟಿಯನ್ನು ಬರೆದುಕೊಂಡನು. ಯಶಸ್ಸು ತಪ್ಪಿತೆಂದು ಕೊರಗುತ್ತಿದ್ದ ಆ ದಿನಗಳಲ್ಲಿಯೇ ಆತನ ಹೆಸರನ್ನು ಉಳಿಸಿದ ಕೆಲಸವು ಪ್ರಾರಂಭವಾಯಿತು.

ಆ ಪಟ್ಟಿಯ ಅಗತ್ಯವೇನಿತ್ತು? ಒಬ್ಬ ಕಪ್ತಾನನು ಬಲವಾದ ಗಾಳಿಯೆಂದು ಬರೆದರೆ, ಅಂಜುಬುರುಕನಾದ ಇನ್ನೊಬ್ಬನು ಅದನ್ನೇ ಬಿರುಗಾಳಿಯೆಂದು ಬರೆಯುವನು. ಧೈರ್ಯಶಾಲಿಯಾದ ಮೂರನೆಯವನು ತಂಗಾಳಿಯೆಂದರೂ ಆಶ್ಚರ್ಯವಿಲ್ಲ. ಮೂವರ ದಿನಚರಿಗಳನ್ನು ಕೂಡಿಸಿ ಓದಿದವನಿಗೆ ಸಮುದ್ರದ ನಿಜಸ್ಥಿತಿಯು ತಿಳಿಯದು. ಗಾಳಿಯ ವೇಗವನ್ನು ಅಳೆಯಲು ಹಡಗಿನ ಮೇಲೆ ಇಟ್ಟುಕೊಳ್ಳಬಹುದಾದ ತಕ್ಕ ಯಂತ್ರವೂ ಆಗ ಇರಲಿಲ್ಲ. ಬೋಫರ್ಟನು ಈ ತೊಡಕನ್ನು ಸರಳವಾದ ರೀತಿಯಲ್ಲಿ ಬಿಡಿಸಿದನು. ಗಾಳಿಯು ನಿನಗೆ ಹೇಗೆ ತೋರುತ್ತದೆಂದು ಆತನು ಕೇಳಲಿಲ್ಲ. ಗಾಳಿಯು ಹಡಗಿಗೆ ಏನು ಮಾಡುತ್ತದೆಂದು ಕೇಳಿದನು. ಮೊದಲಿನ ಪಟ್ಟಿಯಲ್ಲಿ ಸೊನ್ನೆಯಿಂದ 13ರ ವರೆಗೆ ಅಂಕೆಗಳಿದ್ದವು; ಮರುವರ್ಷವೇ ಅದನ್ನು ತಿದ್ದಿ ಸೊನ್ನೆಯಿಂದ 12ಕ್ಕೆ ಇಳಿಸಿದನು. ಗಾಳಿಯೇ ಇಲ್ಲದಿದ್ದರೆ ಸೊನ್ನೆ. ಒಂದರಿಂದ ನಾಲ್ಕರ ವರೆಗೆ, ಎಲ್ಲ ಹಾಯಿಗಳನ್ನು ಬಿಚ್ಚಿದ ಯುದ್ಧನೌಕೆಯು ಎಷ್ಟು ವೇಗವಾಗಿ ಚಲಿಸುವುದೆಂಬುದೇ ಅಳತೆ. ಐದರಿಂದ ಒಂಬತ್ತರ ವರೆಗೆ, ಶತ್ರುವನ್ನು ಅಟ್ಟಿಕೊಂಡು ಹೋಗುವಾಗ ಎಷ್ಟು ಹಾಯಿಗಳನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದೆಂಬುದು ಅಳತೆ. ಅಲ್ಲಿಂದಾಚೆಗೆ ಹಡಗನ್ನು ಉಳಿಸಿಕೊಳ್ಳುವುದಷ್ಟೇ ಪ್ರಶ್ನೆ. ಹನ್ನೆರಡೆಂದರೆ ಯಾವ ಹಾಯಿಯೂ ತಾಳಲಾರದ ಚಂಡಮಾರುತ. ಹಾಯಿಗಳನ್ನು ಎಣಿಸುವುದರಲ್ಲಿ ಅಂಜುಬುರುಕನಿಗೂ ಧೀರನಿಗೂ ಭೇದವಿಲ್ಲವಾದುದರಿಂದ, ಇಬ್ಬರ ಬರಹವೂ ಒಂದೇ ಆಯಿತು.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಬೇಕು. ಗಾಳಿಗೆ ಅಂಕೆ ಹಾಕುವ ಯೋಚನೆಯು ಬೋಫರ್ಟನಿಗೇ ಮೊದಲು ಹೊಳೆದುದಲ್ಲ. ಜಾನ್ ಸ್ಮೀಟನ್ ಎಂಬ ಎಂಜಿನಿಯರನು ಗಾಳಿಗಿರಣಿಗಳಿಗಾಗಿ 1759ರಲ್ಲಿಯೇ ಇಂತಹದೊಂದನ್ನು ಮಾಡಿದ್ದನು. ಕಡಲನಕ್ಷೆಗಳ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಡಾಲ್ರಿಂಪಲನೂ ಅದನ್ನು ನಾವಿಕರಿಗೆ ಒದಗಿಸಲೆತ್ನಿಸಿದ್ದನು. ಇತರರು ಆರಂಭಿಸಿ ಬಿಟ್ಟುದನ್ನು ಬೋಫರ್ಟನು ತಿದ್ದಿ, ಐವತ್ತು ವರ್ಷಗಳ ಕಾಲ ದಿನದಿನವೂ ತಾನೇ ಬಳಸಿ, ಕಡೆಗೆ ಲೋಕವೇ ಬಳಸುವಂತೆ ಮಾಡಿದನು. ಆರಂಭಿಸುವವರು ಅನೇಕರು; ಹಿಡಿದುದನ್ನು ಕಡೆ ಮುಟ್ಟಿಸುವವರು ವಿರಳ.

1811 ಮತ್ತು 1812ರಲ್ಲಿ ಆತನನ್ನು ಫ್ರೆಡರಿಕ್‌ಸ್ಟೀನ್ ಎಂಬ ಹಡಗಿನಲ್ಲಿ ಈಗಿನ ತುರ್ಕಿ ದೇಶದ ತೆಂಕಣ ಕರಾವಳಿಯನ್ನು ಅಳೆಯಲು ಕಳುಹಿಸಿದರು. ಕರಮಾನಿಯವೆಂದು ಆಗ ಕರೆಯುತ್ತಿದ್ದ ಆ ಸೀಮೆಯು ಸತ್ಯವೇದವನ್ನು ಓದಿದ ನಮ್ಮ ಹುಡುಗಿಯರಿಗೆ ಅಪರಿಚಿತವಲ್ಲ. ಪೌಲನ ಹುಟ್ಟೂರಾದ ತಾರ್ಸವು ಆ ಕರಾವಳಿಯ ಹಿಂದೆಯೇ ಇದೆ. ಕೈದಿಯಾಗಿ ರೋಮಾಪುರಕ್ಕೆ ಹೋಗುವಾಗ ಪೌಲನು ಹಡಗನ್ನು ಬದಲಾಯಿಸಿದ ಮುರ ಪಟ್ಟಣವೂ ಅಲ್ಲಿಯದೇ; ಗಾಳಿಯ ಸೂಚನೆಯನ್ನು ಲಕ್ಷಿಸದೆ ಮುಂದುವರಿದ ಆ ಪ್ರಯಾಣದ ಕಡೆಯಲ್ಲಿ ಹಡಗು ಒಡೆದುದನ್ನು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅಂತಹ ಕರಾವಳಿಯ ಒಂದೊಂದು ಕೊಲ್ಲಿಯನ್ನೂ ಭೂಶಿರವನ್ನೂ ಬೋಫರ್ಟನು ಅಳೆದು ಬರೆದನು. ಪುರಾತನ ಪಟ್ಟಣಗಳ ಹಾಳುಗಳನ್ನೂ ಗುರುತಿಸಿದನು. ಕೆಲಸವು ಕೊನೆಗಾಣುವ ಮುಂಚೆ 1812ರ ಜೂನಿನಲ್ಲಿ ಅಯಾಸ್ ಎಂಬಲ್ಲಿ ಉದ್ರಿಕ್ತರಾದ ಜನರು ಅವರ ಮೇಲೆ ಬಿದ್ದರು. ಎಳೆಯ ನಾವಿಕನೊಬ್ಬನು ಪ್ರಾಣ ಕಳೆದುಕೊಂಡನು. ಬೋಫರ್ಟನ ಸೊಂಟದ ಎಲುಬಿಗೆ ಗುಂಡು ತಗಲಿತು. ಆತನ ಕಡಲ ಸಂಚಾರವು ಅಲ್ಲಿಗೆ ಮುಗಿದಂತಾಯಿತು. ಆ ವರ್ಷದ ಕೊನೆಯಲ್ಲಿ ಆತನು ತನ್ನ ಮೊದಲ ಕಪ್ತಾನನಾದ ವಿಲ್ಸನನ ಮಗಳು ಅಲಿಸಿಯಾಳನ್ನು ಮದುವೆಯಾದನು. ಕರಮಾನಿಯದ ವಿಷಯವಾಗಿ ಬರೆದ ಪುಸ್ತಕವು 1817ರಲ್ಲಿ ಹೊರಬಂತು.

ಮುಂದೆ ಬಹುಕಾಲ ಕಾದ ಮೇಲೆ, 1829ರಲ್ಲಿ, ಆತನನ್ನು ಬ್ರಿಟಿಷ್ ನೌಕಾ ಇಲಾಖೆಯ ಕಡಲನಕ್ಷೆಗಳ ಮುಖ್ಯಾಧಿಕಾರಿಯಾಗಿ ನೇಮಿಸಿದರು. ಆಗ ಆತನಿಗೆ 55 ವರ್ಷ. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸು. ಆ ಮೇಜಿನ ಮುಂದೆ ಆತನು 26 ವರ್ಷ ದುಡಿದು, 80 ದಾಟಿದ ಮೇಲೆ 1855ರಲ್ಲಿ ನಿವೃತ್ತನಾದನು. ಅವನ ಕೈಕೆಳಗೆ ಲೋಕದ ನಾನಾ ಸಮುದ್ರಗಳ ಸಾವಿರಕ್ಕೂ ಮಿಕ್ಕ ಹೊಸ ನಕ್ಷೆಗಳು ಸಿದ್ಧವಾದವು. 1833ರಿಂದ ಉಬ್ಬರವಿಳಿತಗಳ ಪಟ್ಟಿಗಳೂ, ಮರುವರ್ಷದಿಂದ ನಾವಿಕರಿಗೆ ಹೊಸ ಅಪಾಯಗಳನ್ನು ತಿಳಿಸುವ ಪ್ರಕಟನೆಗಳೂ ಹೊರಡತೊಡಗಿದವು. ಹದಿನೈದನೆಯ ವಯಸ್ಸಿನಲ್ಲಿ ನಕ್ಷೆಯ ಕೊರತೆಯಿಂದ ಹಡಗನ್ನು ಕಳೆದುಕೊಂಡ ಹುಡುಗನು ಮುದಿತನದ ವರೆಗೂ ಇತರರ ಹಡಗುಗಳು ಒಡೆಯದಂತೆ ಕಾವಲು ಕುಳಿತನು.

1831ರಲ್ಲಿ ಬೀಗಲ್ ಎಂಬ ಚಿಕ್ಕ ಹಡಗು ಕಪ್ತಾನ್ ಫಿಟ್ಸ್‌ರಾಯನ ನೇತೃತ್ವದಲ್ಲಿ ದಕ್ಷಿಣ ಅಮೇರಿಕದ ಕರಾವಳಿಯನ್ನು ಅಳೆಯಲು ಹೊರಟಿತು. ತನ್ನ ಜೊತೆಗೆ ವಿದ್ಯಾವಂತನಾದ ಒಬ್ಬ ಯುವಕನು ಬೇಕೆಂದು ಫಿಟ್ಸ್‌ರಾಯನು ಕೇಳಿದಾಗ, ಬೋಫರ್ಟನು ಕೇಂಬ್ರಿಜಿನ ಪಂಡಿತರಿಗೆ ಬರೆದು ವಿಚಾರಿಸಿದನು. ಹಾಗೆ ದೊರೆತವನೇ ಚಾರ್ಲ್ಸ್ ಡಾರ್ವಿನ್. ಅದೇ ಪ್ರಯಾಣದಲ್ಲಿ ಬೋಫರ್ಟನ ಗಾಳಿಯ ಅಂಕೆಗಳು ಮೊದಲ ಬಾರಿ ಸರಕಾರಿ ಕಾರ್ಯದಲ್ಲಿ ಉಪಯೋಗಿಸಲ್ಪಟ್ಟವು. 1838ರ ಕೊನೆಯಲ್ಲಿ ನೌಕಾಪಡೆಯ ಎಲ್ಲ ಹಡಗುಗಳೂ ಆ ಅಂಕೆಗಳಿಂದಲೇ ದಿನಚರಿ ಬರೆಯಬೇಕೆಂಬ ಆಜ್ಞೆಯಾಯಿತು. ದಿನಚರಿಯಲ್ಲಿ ಗುಟ್ಟಾಗಿ ಬರೆದುಕೊಂಡ ಪಟ್ಟಿಯು ಸರಕಾರದ ಆಜ್ಞೆಯಾಗಲು 32 ವರ್ಷ ಹಿಡಿಯಿತು. 1853ರಲ್ಲಿ ಬ್ರಸೆಲ್ಸ್ ಪಟ್ಟಣದಲ್ಲಿ ಹಲವು ದೇಶದವರು ಕೂಡಿದ ಸಭೆಯು ಸಮುದ್ರದ ಹವೆಯನ್ನು ಒಂದೇ ರೀತಿಯಲ್ಲಿ ಬರೆದಿಡುವುದಕ್ಕೆ ಅದನ್ನು ಅಂಗೀಕರಿಸಿತು. ಬೋಫರ್ಟನಿಗೆ 1848ರಲ್ಲಿ ಸರ್ ಎಂಬ ಬಿರುದು ದೊರೆಯಿತು. 1857ನೆಯ ಇಸವಿ ದಶಂಬರ 17ರಂದು ಆತನು ತೀರಿಕೊಂಡನು. ಉತ್ತರ ಧ್ರುವದ ಬಳಿಯ ಸಮುದ್ರವೊಂದು ಇಂದಿಗೂ ಆತನ ಹೆಸರನ್ನು ಹೊತ್ತಿದೆ.

ನಾವು ಆತನನ್ನು ನಿರ್ದೋಷಿಯೆಂದು ಹೇಳಲಾರೆವು. ಆತನು ಗುಪ್ತಲಿಪಿಯಲ್ಲಿ ಬರೆದಿಟ್ಟ ದಿನಚರಿಗಳನ್ನು ಬಹುಕಾಲದ ಮೇಲೆ ಬಿಡಿಸಿ ಓದಿದಾಗ, 1834ರಲ್ಲಿ ಮೊದಲ ಪತ್ನಿಯು ತೀರಿಹೋದ ಬಳಿಕಣ ದಿನಗಳಲ್ಲಿ ಆತನು ಘೋರವಾದ ನೈತಿಕ ಪತನಕ್ಕೆ ಒಳಗಾಗಿದ್ದನೆಂಬುದೂ, ಅದಕ್ಕಾಗಿ ಮನಸ್ಸಿನೊಳಗೆ ಬೇಯುತ್ತಿದ್ದನೆಂಬುದೂ ಹೊರಬಿತ್ತು. ಸಮುದ್ರದ ಬಿರುಗಾಳಿಯನ್ನು ಅಳೆದವನು ತನ್ನೊಳಗಣ ಬಿರುಗಾಳಿಯ ಮುಂದೆ ಸೋತನು. ದೊಡ್ಡವರ ಜೀವಿತವನ್ನು ಓದುವಾಗ ಅವರ ಕೆಲಸದಿಂದ ಕಲಿಯೋಣ. ಅವರನ್ನು ಪೂಜಿಸುವುದು ಬೇಡ. ಇದನ್ನು ಮುಚ್ಚಿಡುವುದು ಮಕ್ಕಳಿಗೆ ತಪ್ಪು ನಕ್ಷೆಯನ್ನು ಕೊಟ್ಟಂತೆಯೇ ಸರಿ.

ಹಾಯಿಹಡಗುಗಳು ಮರೆಯಾದ ಮೇಲೆ ಆ ಅಂಕೆಗಳೂ ಮರೆಯಾಗಬೇಕಿತ್ತು. ಹಾಗಾಗಲಿಲ್ಲ. ಮುಂದೆ ಕೆಲವು ವರ್ಷ ನಮ್ಮ ಸಿಮ್ಲೆಯ ಹವಾಮಾನ ಇಲಾಖೆಯಲ್ಲಿಯೂ ಕೆಲಸಮಾಡಿದ ಜಾರ್ಜ್ ಸಿಂಪ್ಸನ್ ಎಂಬ ವಿಜ್ಞಾನಿಯು 1906ರಲ್ಲಿ ಅವುಗಳಿಗೆ ನೆಲದ ಮೇಲಣ ಗುರುತುಗಳನ್ನೂ ವೇಗದ ಅಳತೆಗಳನ್ನೂ ಹೊಂದಿಸಿದನು. ಅವುಗಳನ್ನು ತಿಳಿಯಲು ನಮ್ಮ ಹುಡುಗಿಯರು ಹಡಗನ್ನು ಹತ್ತಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ನಡೆದಾಡಿದರೆ ಸಾಕು. ಉಡುಪಿಯ ಹಿತ್ತಿಲಲ್ಲಿ ಬಚ್ಚಲೊಲೆಯ ಹೊಗೆಯು ನೇರವಾಗಿ ಏರಿದರೆ ಸೊನ್ನೆ. ಗಾಳಿಯು ಮುಖಕ್ಕೆ ತಗಲಿ ಅಶ್ವತ್ಥದ ಎಲೆಗಳು ಸದ್ದುಮಾಡಿದರೆ ಎರಡು. ಶಾಲೆಯ ಧ್ವಜವು ಚಾಚಿಕೊಂಡು ಹಾರಿದರೆ ಮೂರು. ಮಣಿಪಾಲದ ಗುಡ್ಡದ ಮೇಲೆ ಕೆಂಪು ಧೂಳೂ ಕಾಗದದ ಚೂರುಗಳೂ ಎದ್ದರೆ ನಾಲ್ಕು. ಕಾರ್ಕಳದ ದಾರಿಯಲ್ಲಿ ಚಿಕ್ಕ ಮರಗಳು ಬುಡದಿಂದ ತೂಗಾಡಿದರೆ ಐದು. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬಳಿ ಕೊಡೆ ಹಿಡಿಯುವುದು ಕಷ್ಟವಾಗಿ, ತಂತಿಗಳು ಶಿಳ್ಳಿಟ್ಟರೆ ಆರು. ಗಾಳಿಗೆದುರಾಗಿ ನಡೆಯುವುದೇ ಪ್ರಯಾಸವಾದರೆ ಏಳು. ರೆಂಬೆಗಳು ಮುರಿದು ಬಿದ್ದರೆ ಎಂಟು. ಮಾಡಿನ ಹಂಚುಗಳು ಹಾರಿದರೆ ಒಂಬತ್ತು.

ನಾಟ್ ಎಂದರೆ ಗಂಟೆಗೆ ಒಂದು ಕಡಲಮೈಲು, ಅಂದರೆ 1.85 ಕಿಲೋಮೀಟರು. ಆ ಅಳತೆಯಲ್ಲಿ ಮೂರನೆಯ ಅಂಕೆಯ ಗಾಳಿಯು 7ರಿಂದ 10 ನಾಟ್, ನಾಲ್ಕನೆಯದು 11ರಿಂದ 16, ಐದನೆಯದು 17ರಿಂದ 21, ಆರನೆಯದು 22ರಿಂದ 27 ನಾಟ್ ವೇಗದ್ದು. ಈಗ ನಿಲ್ದಾಣಗಳಲ್ಲಿ ಯಂತ್ರಗಳು ವೇಗವನ್ನು ಅಳೆದು ಹೇಳುತ್ತವೆ. ಆದರೂ ಯಂತ್ರವಿಲ್ಲದ ಚಿಕ್ಕ ಬಯಲಿನಲ್ಲಿ ಇಳಿಯುವವನು ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲವನ್ನೂ, ಹೊಗೆಯನ್ನೂ, ಕೆರೆಯ ನೀರಿನ ತೆರೆಗಳನ್ನೂ, ಮರದ ತುದಿಗಳನ್ನೂ ನೋಡಿಯೇ ಗಾಳಿಯನ್ನು ಅಂದಾಜುಮಾಡುತ್ತಾನೆ. ಅದು ಬೋಫರ್ಟನು ಕಲಿಸಿದ ನೋಟವೇ.

ಇನ್ನು ಮೊದಲು ಹೇಳಿದ ಬಾಯಿಲೆಕ್ಕಕ್ಕೆ ಬರೋಣ. ಬಜ್ಪೆಯ ನಿಲ್ದಾಣವು 1951ನೆಯ ಇಸವಿಯ ಕ್ರಿಸ್ಮಸ್ ದಿನದಂದು ಜವಾಹರಲಾಲ ನೆಹರೂ ಅವರು ಡಕೋಟ ವಿಮಾನದಲ್ಲಿ ಬಂದಿಳಿಯುವುದರೊಂದಿಗೆ ತೆರೆಯಲ್ಪಟ್ಟಿತು. ಅದರ ಹಳೆಯ ಓಡುದಾರಿಯು ಮೂಡುಪಡುವಾಗಿ ಇತ್ತು. ಪಡುವಣ ಗಾಳಿಯು ಅಲ್ಲಿ ನೇರವಾಗಿ ಎದುರಾಗುತ್ತಿತ್ತು. 2006ರಲ್ಲಿ ತೆರೆದ ಹೊಸ ಓಡುದಾರಿಯು 2,450 ಮೀಟರು ಉದ್ದದ್ದು. ಅದು ಸ್ವಲ್ಪ ಓರೆಯಾಗಿದೆ. ಅದರ ಮೂಡಣ ತುದಿಯಲ್ಲಿ 24 ಎಂಬ ಅಂಕೆಯನ್ನು ದೊಡ್ಡದಾಗಿ ಬರೆದಿರುತ್ತಾರೆ. ದಿಕ್ಸೂಚಿಯಲ್ಲಿ ಸುಮಾರು 240 ಡಿಗ್ರಿಯ ಕಡೆಗೆ ಮುಖಮಾಡಿದೆಯೆಂದು ಅದರ ಅರ್ಥ; ಕೊನೆಯ ಸೊನ್ನೆಯನ್ನು ಬಿಟ್ಟು ಬರೆಯುವುದು ವಾಡಿಕೆ. ಗಾಳಿಯ ದಿಕ್ಕನ್ನು ಅದು ಎಲ್ಲಿಂದ ಬರುವುದೋ ಆ ಕಡೆಯಿಂದ ಹೇಳುತ್ತಾರೆ. ನೇರ ಪಡುವಣ ಗಾಳಿಯೆಂದರೆ 270 ಡಿಗ್ರಿ. 270ರಿಂದ 240ನ್ನು ಕಳೆದರೆ 30. ಇದೇ ಓರೆಯ ಕೋನ.

ಈಗ ಗಡಿಯಾರದ ಮುಖವನ್ನು ನೆನಸಿಕೊಳ್ಳಿರಿ. 15 ಮಿನಿಟು ಕಾಲು ಗಂಟೆ, 30 ಮಿನಿಟು ಅರ್ಧ ಗಂಟೆ, 45 ಮಿನಿಟು ಮುಕ್ಕಾಲು ಗಂಟೆ, 60 ಮಿನಿಟು ಪೂರ್ತಿ ಗಂಟೆ. ಮಿನಿಟುಗಳ ಸ್ಥಾನದಲ್ಲಿ ಡಿಗ್ರಿಗಳನ್ನಿಟ್ಟರೆ ಲೆಕ್ಕವು ಮುಗಿಯಿತು. ಕೋನವು 15 ಡಿಗ್ರಿಯಾದರೆ ಗಾಳಿಯ ಕಾಲು ಪಾಲು, 30 ಆದರೆ ಅರ್ಧ ಪಾಲು, 45 ಆದರೆ ಮುಕ್ಕಾಲು ಪಾಲು, 60 ಅಥವಾ ಅದಕ್ಕೆ ಮಿಕ್ಕಿದ್ದಾದರೆ ಎಲ್ಲವೂ ಅಡ್ಡಗಾಳಿಯೇ. ಹಾಗಾದರೆ ನಮ್ಮ 20 ನಾಟ್ ಪಡುವಣ ಗಾಳಿಯಲ್ಲಿ ಅಡ್ಡದ ಪಾಲು 10 ನಾಟ್. ಅದು ಬಲಗಡೆಯಿಂದ ತಳ್ಳುತ್ತದೆ. ತ್ರಿಕೋನಮಿತಿಯನ್ನು ಕಲಿತ ಹುಡುಗಿಯರು ಸೈನ್ ಪಟ್ಟಿಯನ್ನು ತೆರೆದು ನೋಡಲಿ: 30 ಡಿಗ್ರಿಗೆ ಸರಿಯಾಗಿ 0.50, 45ಕ್ಕೆ 0.71, 60ಕ್ಕೆ 0.87. ಅಂದರೆ 45ರಲ್ಲಿಯೂ 60ರಲ್ಲಿಯೂ ಈ ಗಡಿಯಾರದ ಲೆಕ್ಕವು ನಿಜಕ್ಕಿಂತ ತುಸು ಹೆಚ್ಚನ್ನೇ ಹೇಳುತ್ತದೆ. ತಪ್ಪಾದರೂ ಸುರಕ್ಷಿತವಾದ ಕಡೆಗೆ ತಪ್ಪುವ ಲೆಕ್ಕವಿದು. ಗಾಳಿಯು ಬಿಟ್ಟುಬಿಟ್ಟು ರಭಸದಿಂದ ಬೀಸುತ್ತಿದ್ದರೆ ರಭಸದ ಅಂಕೆಯನ್ನೇ ಹಿಡಿದು ಎಣಿಸುವುದು ಜಾಣತನ.

ಈ ಅಂಕೆಯಿಂದ ಏನು ಪ್ರಯೋಜನ? ಮೊದಲನೆಯದಾಗಿ, ವಿಮಾನದ ಮೂತಿಯನ್ನು ಗಾಳಿಯ ಕಡೆಗೆ ಎಷ್ಟು ತಿರುಗಿಸಬೇಕೆಂಬುದು ತಿಳಿಯುತ್ತದೆ. ಅಡ್ಡಗಾಳಿಯನ್ನು 60ರಿಂದ ಗುಣಿಸಿ ವಿಮಾನದ ವೇಗದಿಂದ ಭಾಗಿಸಿದರೆ ಡಿಗ್ರಿಯು ಬರುತ್ತದೆ. 120 ನಾಟ್ ವೇಗದ ವಿಮಾನಕ್ಕೆ 10 ನಾಟ್ ಅಡ್ಡಗಾಳಿಯಾದರೆ 5 ಡಿಗ್ರಿ. ಚಕ್ರಗಳು ನೆಲವನ್ನು ಮುಟ್ಟುವ ಹೊತ್ತಿಗೆ ಮೂತಿಯನ್ನು ಓಡುದಾರಿಯ ನೇರಕ್ಕೆ ತಂದುಕೊಳ್ಳುತ್ತಾರೆ. ಎರಡನೆಯದಾಗಿ, ಇಳಿಯಬಹುದೇ ಕೂಡದೇ ಎಂಬುದು ತಿಳಿಯುತ್ತದೆ. ಅಡ್ಡಗಾಳಿಯಲ್ಲಿ ಯಾವ ವಿಮಾನವು ಎಷ್ಟನ್ನು ತಾಳಬಲ್ಲುದೆಂಬುದನ್ನು ಮುಂಚೆಯೇ ಪರೀಕ್ಷಿಸಿ ಬರೆದಿರುತ್ತಾರೆ; ಕಲಿಯುವವರು ಹಾರಿಸುವ ಸೆಸ್ನಾ 172 ಎಂಬ ಚಿಕ್ಕ ವಿಮಾನಕ್ಕೆ ಅದು 15 ನಾಟ್. ಲೆಕ್ಕವು ಅದನ್ನು ಮೀರಿತೆಂದು ಹೇಳಿದರೆ ಇಳಿಯದೆ ಮೇಲೇರಿ, ಕಾಯಬೇಕು, ಇಲ್ಲವೆ ಬೇರೊಂದು ನಿಲ್ದಾಣಕ್ಕೆ ಹೋಗಬೇಕು.

ಮುಖ್ಯವಾದ ಮಾತು ಇಲ್ಲಿಯೇ ಇದೆ. ಅಂಕೆಯನ್ನು ಎಣಿಸುವುದು ಸುಲಭ. ಅದು ಹೇಳಿದುದಕ್ಕೆ ತಲೆಬಾಗುವುದು ಕಷ್ಟ. 2010ನೆಯ ಇಸವಿ ಮೇ 22ರ ಮುಂಜಾವವನ್ನು ನಮ್ಮ ಜಿಲ್ಲೆಗಳವರು ಮರೆಯಲಾರರು. ದುಬೈಯಿಂದ ಬಂದ ವಿಮಾನವು ಬಜ್ಪೆಯ ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದು 158 ಮಂದಿ ತೀರಿಹೋದರು. ಎಂಟು ಮಂದಿ ಮಾತ್ರ ಉಳಿದರು. ಅಂದು ಗಾಳಿಯು ಶಾಂತವಾಗಿತ್ತು. ಆ ದುರಂತಕ್ಕೆ ಅಡ್ಡಗಾಳಿಯು ಕಾರಣವಲ್ಲ. ವಿಮಾನವು ಅತಿ ವೇಗವಾಗಿ ಕೆಳಗಿಳಿಯುತ್ತಿದೆಯೆಂದು ಯಂತ್ರವು ಎಚ್ಚರಿಸಿತು. ಮೇಲೇರಬೇಕೆಂದು ಜೊತೆಯವನೂ ಮತ್ತೆ ಮತ್ತೆ ಸೂಚಿಸಿದನು. ಆದರೂ ಇಳಿಯುವುದನ್ನು ನಿಲ್ಲಿಸಲಿಲ್ಲವೆಂಬುದೇ ವಿಚಾರಣೆಯಲ್ಲಿ ಕಂಡುಬಂದ ಮುಖ್ಯ ಕಾರಣ. ತೀರಿಹೋದವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆ ಮನೆಗಳ ದುಃಖವು ನಮ್ಮದೂ ಆಗಿದೆ. ಆದರೆ ಎಚ್ಚರಿಕೆಯ ಮಾತು ಸರಿಯಾದ ಸಮಯಕ್ಕೆ ಬಂದರೂ ಅದಕ್ಕೆ ಮನ್ನಣೆ ದೊರೆಯದಿದ್ದರೆ ಏನಾಗುವುದೆಂಬುದನ್ನು ನಾವು ಅಂದು ಕಂಡೆವು. ಹಿಂದಿರುಗುವುದು ಅವಮಾನವಲ್ಲ, ಅದೂ ಒಂದು ಧೈರ್ಯ. ಕಿರಿಯವರ ಸರಿಯಾದ ಮಾತನ್ನು ಕೇಳುವುದು ಹಿರಿತನಕ್ಕೆ ಕುಂದಲ್ಲ.

ತಾಯ್ತಂದೆಗಳೇ, ಗಣಿತವು ಹುಡುಗಿಯರ ತಲೆಗೆ ಹತ್ತದೆಂಬ ಮಾತನ್ನು ನಾವು ಇನ್ನೂ ಕೆಲವು ಮನೆಗಳಲ್ಲಿ ಕೇಳುತ್ತೇವೆ. ಬೆಂಗಳೂರಿನ ಜಕ್ಕೂರಿನಲ್ಲಿ ಉಷಾ ಸುಂದರಂ ಎಂಬವರು 1949ರಲ್ಲಿಯೇ ವಿಮಾನ ವಿದ್ಯೆಯನ್ನು ಕಲಿತು, 1951ರಲ್ಲಿ ಪತಿಯೊಂದಿಗೆ ಲಂಡನ್ನಿನಿಂದ ಬೊಂಬಾಯಿಗೆ ವಿಮಾನವನ್ನು ಹಾರಿಸಿಕೊಂಡು ಬಂದರು. ಇಂದು ವಿಮಾನ ನಡೆಸುವವರಲ್ಲಿ ಸ್ತ್ರೀಯರ ಪ್ರಮಾಣವು ಲೋಕದ ಸರಾಸರಿಗಿಂತ ನಮ್ಮ ದೇಶದಲ್ಲಿಯೇ ಹೆಚ್ಚು. ನಿಮ್ಮ ಮಗಳು ವಿಮಾನವನ್ನು ನಡೆಸದಿದ್ದರೂ ಚಿಂತೆಯಿಲ್ಲ. ಆಸ್ಪತ್ರೆಯಲ್ಲಿ ಮದ್ದಿನ ಪ್ರಮಾಣವನ್ನು ಎಣಿಸುವಾಗಲೂ, ಮನೆಯ ಸಾಲವನ್ನು ಲೆಕ್ಕಹಾಕುವಾಗಲೂ ಆಕೆಗೆ ಕಾಲು, ಅರ್ಧ, ಮುಕ್ಕಾಲುಗಳು ಬೇಕಾಗುತ್ತವೆ. ಹಿರಿಯರ ಮುಂದೆ ಆಕೆಯು ಸರಿಯಾದ ಅಂಕೆಯನ್ನು ಅಂಜದೆ ಹೇಳಬಲ್ಲವಳಾಗಬೇಕು. ನಾವು ಅದನ್ನು ಕೇಳಬಲ್ಲವರಾಗಬೇಕು.

ಹಳೆ ವಿದ್ಯಾರ್ಥಿನಿಯರೇ, ಮುಂದಿನ ಸಲ ನೀವು ಊರಿಗೆ ಬರುವಾಗ ವಿಮಾನವು ಓರೆಯಾಗಿ ಇಳಿದರೆ ಅಂಜಬೇಡಿರಿ. ಮನೆಗೆ ಬಂದ ಮೇಲೆ ಮಕ್ಕಳನ್ನು ಕಾಪುವಿನ ಕಡಲ ತೀರಕ್ಕೆ ಕರೆದೊಯ್ದು, ತೆಂಗಿನ ಗರಿಗಳನ್ನು ತೋರಿಸಿ, ಇಂದಿನ ಗಾಳಿಗೆ ಯಾವ ಅಂಕೆಯೆಂದು ಕೇಳಿರಿ. ಗಾಳಿಯನ್ನು ತಡೆಯುವ ಶಕ್ತಿಯು ಮನುಷ್ಯರಿಗೆ ಕೊಡಲ್ಪಟ್ಟಿಲ್ಲ. ಅದನ್ನು ಪ್ರಾಮಾಣಿಕವಾಗಿ ಅಳೆದು, ಅಳತೆಗೆ ತಕ್ಕಂತೆ ನಡೆಯುವ ಬುದ್ಧಿಯನ್ನು ಮಾತ್ರ ದಯಾಮಯನಾದ ದೇವರು ಕೊಟ್ಟಿದ್ದಾನೆ. ಆ ಬುದ್ಧಿಯು ನಮ್ಮ ಶಾಲೆಯ ಹೆಣ್ಣುಮಕ್ಕಳಲ್ಲಿ ಎಂದೆಂದಿಗೂ ನೆಲೆಗೊಳ್ಳಲೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.